ಡಿಫ್ರಾಗ್ ಮಾಡಿದ ಹಾರ್ಡ್ ಡಿಸ್ಕ್ ಮತ್ತೆ ಏಕೆ ತುಂಡುತುಂಡಾಗುತ್ತದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಹಳೆಯ ಕಂಪ್ಯೂಟರುಗಳು ಮಾತ್ರ ಎಲ್ಲೂ ಹೋಗಿಲ್ಲ. ಕೋಲಾರದ ಟೊಮೆಟೊ ಮಂಡಿಗಳ ಲೆಕ್ಕದ ಮೇಜಿನ ಮೇಲೆ, ಬಂಗಾರಪೇಟೆಯ ಡಿಟಿಪಿ ಅಂಗಡಿಗಳಲ್ಲಿ, ಮುಳಬಾಗಿಲಿನ ಫೋಟೊ ಸ್ಟುಡಿಯೊಗಳಲ್ಲಿ, ಮಕ್ಕಳು ಓದಿ ಮುಗಿಸಿದ ಮೇಲೆ ಮನೆಯ ಮೂಲೆಗಳಲ್ಲಿ ಅವು ಇನ್ನೂ ದುಡಿಯುತ್ತಿವೆ. ಹೊಸದು ಕೊಳ್ಳುವವರೆಗೆ ಇದನ್ನೇ ತಳ್ಳಿಕೊಂಡು ಹೋಗೋಣ ಎಂಬುದು ಎಷ್ಟೋ ಜನರ ಲೆಕ್ಕಾಚಾರ. ಅದರಲ್ಲಿ ತಪ್ಪೇನೂ ಇಲ್ಲ.

ಇಂಥ ಕಂಪ್ಯೂಟರ್ ನಿಧಾನವಾಯಿತೆಂದು ಯಾರನ್ನಾದರೂ ಕೇಳಿದರೆ ಮೊದಲು ಬರುವ ಸಲಹೆ, ‘ಡಿಫ್ರಾಗ್ ಮಾಡಿ ನೋಡಿ’ ಎಂಬುದು. ಡಿಸ್ಕಿನಲ್ಲಿ ತುಂಡುತುಂಡಾಗಿ ಚದುರಿರುವ ಫೈಲುಗಳನ್ನು ಮತ್ತೆ ಒಂದೆಡೆ ಜೋಡಿಸುವುದೇ ಡಿಫ್ರಾಗ್. ಮಾಡುತ್ತಾರೆ. ರಾತ್ರಿಯೆಲ್ಲ ಓಡಿ ಬೆಳಿಗ್ಗೆ ಪರದೆಯ ಮೇಲೆ, ತುಂಡಾಗಿರುವುದು ಶೇ 0 ಎಂದು ಕಾಣುತ್ತದೆ. ಕೆಲವು ವಾರ ಕಳೆದು ನೋಡಿದರೆ ಅದೇ ಜಾಗದಲ್ಲಿ ಶೇ 12! ಡಿಫ್ರಾಗ್ ಸರಿಯಾಗಿ ಆಗಲಿಲ್ಲವೇ, ಡಿಸ್ಕ್ ಕೆಟ್ಟಿದೆಯೇ, ವೈರಸ್ ಹೊಕ್ಕಿದೆಯೇ ಎಂಬ ಅನುಮಾನಗಳು ಶುರುವಾಗುತ್ತವೆ. ಸಾಮಾನ್ಯವಾಗಿ ಈ ಮೂರೂ ಅಲ್ಲ. ಕಂಪ್ಯೂಟರನ್ನು ಬಳಸುತ್ತಿರುವುದೇ ಅದಕ್ಕೆ ಕಾರಣ. ಅಷ್ಟೇ ಅಲ್ಲ, ಡಿಫ್ರಾಗ್ ಮಾಡುವಾಗ ಫೈಲುಗಳನ್ನು ಒತ್ತೊತ್ತಾಗಿ ಜೋಡಿಸಿಡುವುದರಿಂದಲೇ ಕೆಲವು ಫೈಲುಗಳು ಬೇಗ ಮತ್ತೆ ಒಡೆಯುತ್ತವೆ. ಅದು ಹೇಗೆಂದು ತಿಳಿಯಲು ಡಿಸ್ಕಿನ ಒಳಗಿನಿಂದಲೇ ಶುರು ಮಾಡಬೇಕು.

ತಿರುಗುವ ತಟ್ಟೆ, ಓಡಾಡುವ ತೋಳು

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವಿರುವ ಒಂದೋ ಹಲವೋ ತಟ್ಟೆಗಳು ಇರುತ್ತವೆ. ಕಂಪ್ಯೂಟರ್ ಚಾಲೂ ಇರುವಾಗ ಅವು ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ. ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಮೇಜಿನ ಮೇಲಿಡುವ ಕಂಪ್ಯೂಟರುಗಳಲ್ಲಿ 7,200 ಸುತ್ತು. ತಟ್ಟೆಯ ಮೇಲೆ, ಅದನ್ನು ಮುಟ್ಟದಂತೆ ಕೂದಲೆಳೆಗಿಂತಲೂ ಬಹಳ ಕಡಿಮೆ ಅಂತರದಲ್ಲಿ, ಓದುವ-ಬರೆಯುವ ಹೆಡ್ ತೇಲುತ್ತಿರುತ್ತದೆ. ಆ ಹೆಡ್ಡನ್ನು ಒಂದು ತೋಳು ಒಳಕ್ಕೂ ಹೊರಕ್ಕೂ ಒಯ್ಯುತ್ತದೆ. ಐಬಿಎಂ ಕಂಪನಿ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಇಂಥ 50 ತಟ್ಟೆಗಳಿದ್ದವು, ಎಲ್ಲ ಸೇರಿ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು. ಗಾತ್ರ ಕುಗ್ಗಿದೆ, ಸಾಮರ್ಥ್ಯ ಲಕ್ಷಾಂತರ ಪಟ್ಟು ಹೆಚ್ಚಿದೆ. ತಿರುಗುವ ತಟ್ಟೆ ಮತ್ತು ಓಡಾಡುವ ತೋಳಿನ ಮೂಲ ಉಪಾಯ ಮಾತ್ರ ಹಾಗೆಯೇ ಉಳಿದಿದೆ.

ನಿಧಾನವೆಲ್ಲ ಇರುವುದು ಈ ಓಡಾಟದಲ್ಲಿ. ಬೇಕಾದ ಮಾಹಿತಿ ತಟ್ಟೆಯ ಬೇರೊಂದು ಕಡೆ ಇದ್ದರೆ ತೋಳು ಅಲ್ಲಿಗೆ ಹೋಗಬೇಕು. ಅದಕ್ಕೆ ಸರಾಸರಿ 9 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಅಲ್ಲಿಗೆ ತಲುಪಿದ ಮೇಲೂ ಬೇಕಾದ ಭಾಗ ಸುತ್ತಿ ಹೆಡ್ಡಿನ ಕೆಳಗೆ ಬರುವವರೆಗೆ ಕಾಯಬೇಕು. 7,200 ಸುತ್ತಿನ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು, ಆದ್ದರಿಂದ ಸರಾಸರಿ ಕಾಯುವಿಕೆ ಅದರ ಅರ್ಧ, ಅಂದರೆ ಸುಮಾರು 4 ಮಿಲಿಸೆಕೆಂಡ್. ಒಟ್ಟಿನಲ್ಲಿ ಒಂದು ಜಿಗಿತಕ್ಕೆ ಹತ್ತಿರ ಹತ್ತಿರ 13 ಮಿಲಿಸೆಕೆಂಡ್. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಫೈಲಿಗೆ ಜಾಗ ಕೊಡುವವರು ಯಾರು?

ಡಿಸ್ಕಿನ ಜಾಗವನ್ನು ಸಣ್ಣ ಸಣ್ಣ ಸಮಭಾಗಗಳಾಗಿ ಹಂಚಲಾಗಿರುತ್ತದೆ. ಈ ಭಾಗಕ್ಕೆ ಕ್ಲಸ್ಟರ್ ಎಂದು ಹೆಸರು. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಕ್ಲಸ್ಟರ್ ಸಾಮಾನ್ಯವಾಗಿ 4 ಕೆಬಿ. ಮೊಬೈಲಿನಲ್ಲಿ ತೆಗೆದ 4 ಎಂಬಿಯ ಫೋಟೊ ಇಡಲು 1,024 ಕ್ಲಸ್ಟರುಗಳು ಬೇಕು.

ಯಾವ ಫೈಲಿನ ಯಾವ ಭಾಗ ಯಾವ ಕ್ಲಸ್ಟರಿನಲ್ಲಿದೆ, ಯಾವ ಕ್ಲಸ್ಟರುಗಳು ಖಾಲಿ ಇವೆ ಎಂಬ ಲೆಕ್ಕವನ್ನು ಫೈಲ್ ವ್ಯವಸ್ಥೆ ಇಟ್ಟುಕೊಂಡಿರುತ್ತದೆ. ಒಂದು ಫೈಲಿನ ಕ್ಲಸ್ಟರುಗಳೆಲ್ಲ ಸಾಲಾಗಿ ಒಂದರ ಪಕ್ಕ ಒಂದಿದ್ದರೆ ಫೈಲ್ ಇಡಿಯಾಗಿದೆ. ಸಾಲು ಎಲ್ಲಾದರೂ ಕಡಿದು ಮತ್ತೆಲ್ಲೋ ಮುಂದುವರಿದಿದ್ದರೆ ಅದು ತುಂಡಾಗಿದೆ. ಫ್ರ್ಯಾಗ್ಮೆಂಟೇಶನ್ ಎಂದರೆ ಇಷ್ಟೇ. ಫೈಲಿನೊಳಗಿನ ಮಾಹಿತಿಗೆ ಯಾವ ಧಕ್ಕೆಯೂ ಆಗಿರುವುದಿಲ್ಲ, ತೆರೆದಾಗ ಪೂರ್ತಿಯಾಗಿಯೇ ತೆರೆಯುತ್ತದೆ. ತೋಳು ಹೆಚ್ಚು ಸಲ ಜಿಗಿಯಬೇಕಾಗುತ್ತದೆ, ಅಷ್ಟೇ.

ಇನ್ನೊಂದು ಸಂಗತಿ: ಫೈಲನ್ನು ಅಳಿಸಿ, ಮರುಬಳಕೆಯ ಬುಟ್ಟಿಯನ್ನೂ ಖಾಲಿ ಮಾಡಿದಾಗ ಅದು ಕೂತಿದ್ದ ಕ್ಲಸ್ಟರುಗಳು ಖಾಲಿ ಎಂದು ಲೆಕ್ಕಕ್ಕೆ ಬರುತ್ತವೆ. ಅಕ್ಕಪಕ್ಕದ ಫೈಲುಗಳು ಸರಿದು ಆ ಜಾಗವನ್ನು ಮುಚ್ಚುವುದಿಲ್ಲ. ಅಲ್ಲೊಂದು ತೆರಪು ಉಳಿಯುತ್ತದೆ.

ಟೊಮೆಟೊ ಮಂಡಿಯ ಅಂಗಳ

ಸುಗ್ಗಿಯ ದಿನಗಳಲ್ಲಿ ಕೋಲಾರದ ಎಪಿಎಂಸಿ ಮಾರುಕಟ್ಟೆಯನ್ನು ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಒಬ್ಬ ರೈತರು 15 ಕೆ.ಜಿ.ಯ 200 ಬಾಕ್ಸ್ ತಂದು ಮಂಡಿಯ ಅಂಗಳದಲ್ಲಿ ಒಂದೇ ಕಡೆ ಒಟ್ಟಿಸುತ್ತಾರೆ. ಅವರ ಪಕ್ಕದಲ್ಲಿ ಇನ್ನೊಬ್ಬರ 60, ಅದರಾಚೆ ಮತ್ತೊಬ್ಬರ 150. ಹರಾಜಾಗಿ ಆ 60 ಬಾಕ್ಸುಗಳು ಲಾರಿಗೆ ಏರಿದರೆ ನಡುವೆ ಅರವತ್ತರ ಜಾಗ ತೆರವಾಗುತ್ತದೆ. ಅಷ್ಟು ಹೊತ್ತಿಗೆ 100 ಬಾಕ್ಸಿನ ಗಾಡಿ ಬಂತು, ಬೇರೆಲ್ಲೂ ಒಟ್ಟಿಗೆ ಅಷ್ಟು ಜಾಗವಿಲ್ಲ. 60 ಇಲ್ಲಿ, ಉಳಿದ 40 ಆ ತುದಿಯಲ್ಲಿ ಇಳಿಸಬೇಕಾಗುತ್ತದೆ. ಒಂದು ಬಾಕ್ಸೂ ಕಳೆದಿಲ್ಲ, ಒಂದು ಹಣ್ಣೂ ಕೆಟ್ಟಿಲ್ಲ, ಚೀಟಿಯಲ್ಲಿ ಎರಡೂ ಜಾಗ ಬರೆದಿದೆ. ಆದರೆ ಎಣಿಸಿ ಲಾರಿಗೆ ಹಾಕುವ ಹಮಾಲರು ಎರಡು ಕಡೆ ಓಡಾಡಬೇಕು.

ರಾತ್ರಿ ಎಲ್ಲ ಬಾಕ್ಸುಗಳನ್ನು ಎತ್ತಿ, ಒಬ್ಬೊಬ್ಬರ ಮಾಲನ್ನು ಒಂದೊಂದು ಕಡೆ, ನಡುವೆ ಬೆರಳು ತೂರದಷ್ಟು ಒತ್ತಾಗಿ ಜೋಡಿಸಿಟ್ಟರೆ ಅಂಗಳ ನೋಡಲು ಚೆನ್ನ. ಡಿಫ್ರಾಗ್ ಮಾಡುವ ಕೆಲಸವೇ ಇದು. ಮರುದಿನ ಅದೇ ರೈತರ ತೋಟದಿಂದ ಇನ್ನೂ 30 ಬಾಕ್ಸ್ ಬಂದರೆ? ಅವರ ರಾಶಿಯ ಪಕ್ಕದಲ್ಲಿ ಬೇರೆಯವರ ರಾಶಿ ಒತ್ತಿಕೊಂಡು ನಿಂತಿದೆ. ಆ ಮೂವತ್ತನ್ನು ದೂರದಲ್ಲೇ ಇಳಿಸಬೇಕು. ಮಾಲು ಬರುವುದು, ಹೋಗುವುದು ನಿಲ್ಲದ ಹೊರತು ಆ ಜೋಡಣೆ ಉಳಿಯುವುದಿಲ್ಲ.

ಒಂದು ಬಿಲ್ ಫೈಲಿನ ಬೆಳವಣಿಗೆ

ಈಗ ಅದೇ ಮಂಡಿಯ ಲೆಕ್ಕದ ಕಂಪ್ಯೂಟರನ್ನು ಹತ್ತಿರದಿಂದ ನೋಡೋಣ. ಡಿಫ್ರಾಗ್ ಈಗಷ್ಟೇ ಮುಗಿದಿದೆ. ಸರಳವಾಗಲಿ ಎಂದು ಕ್ಲಸ್ಟರುಗಳಿಗೆ 1ರಿಂದ ನಂಬರ್ ಕೊಡೋಣ. ಬಿಲ್ಲಿಂಗ್ ಪ್ರೋಗ್ರಾಮಿನ ಡೇಟಾ ಫೈಲ್ 400 ಕೆಬಿ ಇದೆ, 1ರಿಂದ 100ನೇ ಕ್ಲಸ್ಟರಿನವರೆಗೆ ಕೂತಿದೆ. ಅದಕ್ಕೆ ಅಂಟಿಕೊಂಡೇ 101ರಿಂದ 1,124ರವರೆಗೆ ಒಂದು ಫೋಟೊ. ಆಮೇಲೆ 1,127ರವರೆಗೆ ಒಂದು ಚಿಕ್ಕ ಪತ್ರ. ಅಲ್ಲಿಂದ ಮುಂದೆ ಖಾಲಿ. ತುಂಡಾಗಿರುವ ಫೈಲ್ ಒಂದೂ ಇಲ್ಲ.

ಸೋಮವಾರ ಬೆಳಿಗ್ಗೆ ಒಂದಿಷ್ಟು ಬಿಲ್ ಹಾಕಿದರು. ಡೇಟಾ ಫೈಲಿಗೆ ಇನ್ನೊಂದು ಕ್ಲಸ್ಟರ್ ಬೇಕಾಯಿತು. 101ರಲ್ಲಿ ಫೋಟೊ ಕೂತಿದೆ, ಆದ್ದರಿಂದ ಹೊಸ ಭಾಗ 1,128ಕ್ಕೆ ಹೋಯಿತು. ಡಿಫ್ರಾಗ್ ಮುಗಿದ ಮೇಲಿನ ಮೊದಲ ಬರವಣಿಗೆಗೇ ಫೈಲ್ ಎರಡು ತುಂಡಾಯಿತು. ಅಷ್ಟರಲ್ಲಿ ಯಾರೋ ಬ್ರೌಸರ್ ತೆರೆದು ಇವತ್ತಿನ ಧಾರಣೆ ನೋಡಿದರು. ಅದರ ಚಿತ್ರಗಳು 1,129ರಿಂದ 1,150ರವರೆಗೆ ಕೂತವು. ಮಧ್ಯಾಹ್ನ ಮತ್ತೆ ಬಿಲ್, ಈ ಸಲ 1,151ಕ್ಕೆ. ಮೂರನೆಯ ತುಂಡು. ಸಂಜೆ ಪತ್ರವನ್ನು ತೆರೆದು ಎರಡು ಸಾಲು ತಿದ್ದಿ ಸೇವ್ ಮಾಡಿದರು. ವರ್ಡ್‌ನಂಥ ಪ್ರೋಗ್ರಾಮುಗಳು ಸೇವ್ ಮಾಡುವಾಗ ಹಳೆಯ ಫೈಲಿನ ಮೇಲೆಯೇ ತಿದ್ದುವುದಿಲ್ಲ. ಹೊಸ ಪ್ರತಿಯನ್ನು ಬೇರೆಡೆ ಬರೆದು, ಹಳೆಯ ಹೆಸರನ್ನು ಅದಕ್ಕೆ ಕೊಟ್ಟು, ಹಳೆಯ ಪ್ರತಿಯನ್ನು ಅಳಿಸುತ್ತವೆ. ಹಾಗಾಗಿ ಪತ್ರ 1,152ರ ಆಚೆಗೆ ಹೋಯಿತು, ಮೊದಲಿದ್ದ ಜಾಗದಲ್ಲಿ ಮೂರು ಕ್ಲಸ್ಟರಿನ ತೆರಪು ಬಿತ್ತು. ಮರುದಿನದ ಯಾವುದೋ ಐದು ಕ್ಲಸ್ಟರಿನ ಫೈಲ್ ಮೂರನ್ನು ಅಲ್ಲಿ, ಎರಡನ್ನು ಇನ್ನೆಲ್ಲೋ ಇಟ್ಟರೂ ಇಡಬಹುದು.

ವಿಂಡೋಸ್ ನಿಜವಾಗಿ ಜಾಗ ಆರಿಸುವ ರೀತಿ ಇಷ್ಟು ನೇರವಲ್ಲ. ಫೈಲಿಗೆ ಸಾಲುವಷ್ಟು ದೊಡ್ಡ ತೆರಪನ್ನು ಅದು ಹುಡುಕಿ ನೋಡುತ್ತದೆ. ಆದರೆ ದಿನವೂ ಸ್ವಲ್ಪ ಸ್ವಲ್ಪವೇ ಬೆಳೆಯುವ ಫೈಲಿಗೆ ಈ ಜಾಣತನದಿಂದ ಹೆಚ್ಚೇನೂ ಉಪಯೋಗವಿಲ್ಲ. ಲೆಕ್ಕದ ಡೇಟಾ, ಮೇಲ್ ಸಂಗ್ರಹದ ಫೈಲ್, ಪ್ರೋಗ್ರಾಮುಗಳು ಬರೆದುಕೊಳ್ಳುವ ದಿನಚರಿ ಫೈಲುಗಳು ಎಲ್ಲಕ್ಕಿಂತ ಬೇಗ ತುಂಡಾಗುವುದು ಇದೇ ಕಾರಣಕ್ಕೆ. ಎಂದೋ ತೆಗೆದಿಟ್ಟ ಮದುವೆಯ ಫೋಟೊಗಳು ವರ್ಷಗಟ್ಟಲೆ ಇಡಿಯಾಗಿಯೇ ಇರುತ್ತವೆ, ಏಕೆಂದರೆ ಅವು ಬೆಳೆಯುವುದೂ ಇಲ್ಲ, ಬದಲಾಗುವುದೂ ಇಲ್ಲ.

ನಾವು ಮುಟ್ಟದೆ ಇದ್ದರೂ ಬರೆಯುತ್ತಲೇ ಇರುತ್ತದೆ

‘ಡಿಫ್ರಾಗ್ ಆದ ಮೇಲೆ ನಾನು ಒಂದು ಫೈಲನ್ನೂ ಸೇರಿಸಿಲ್ಲವಲ್ಲ’ ಎನ್ನುವವರಿದ್ದಾರೆ. ಅವರು ಸೇರಿಸಿರುವುದಿಲ್ಲ, ಕಂಪ್ಯೂಟರ್ ಸೇರಿಸಿರುತ್ತದೆ. ವಿಂಡೋಸ್ ಅಪ್‌ಡೇಟ್ ಬಂದಾಗ ಸಾವಿರಾರು ಫೈಲುಗಳು ಇಳಿಯುತ್ತವೆ, ಹಳೆಯವು ಹೋಗಿ ಹೊಸವು ಕೂರುತ್ತವೆ, ತಾತ್ಕಾಲಿಕ ಫೈಲುಗಳು ಕೊನೆಗೆ ಅಳಿಯುತ್ತವೆ. ಆ್ಯಂಟಿವೈರಸ್ ತನ್ನ ಪಟ್ಟಿಯನ್ನು ಆಗಾಗ ಬದಲಿಸಿಕೊಳ್ಳುತ್ತದೆ. ಬ್ರೌಸರ್ ನೀವು ನೋಡಿದ ಪುಟಗಳ ಚೂರುಗಳನ್ನು ಕೂಡಿಡುತ್ತ, ಕಳೆಯುತ್ತ ಇರುತ್ತದೆ. ಮೆಮೊರಿ ಸಾಲದಾದಾಗ, ಅದರಲ್ಲಿ ಹಿಡಿಸದ್ದನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಪೇಜ್ ಫೈಲ್ ಹಿಗ್ಗುತ್ತದೆ. ಇವುಗಳಲ್ಲಿ ಎರಡು ಮೂರು ಒಂದೇ ಹೊತ್ತಿಗೆ ನಡೆದರೆ ಒಂದರ ಕ್ಲಸ್ಟರುಗಳ ನಡುವೆ ಇನ್ನೊಂದರದು ಸೇರಿಕೊಳ್ಳುತ್ತದೆ.

ವಿಂಡೋಸ್ 98ರ ಕಾಲದಲ್ಲಿ ಇದು ಕಣ್ಣಿಗೇ ಕಾಣುತ್ತಿತ್ತು. ಬಣ್ಣದ ಚೌಕಗಳು ಒಂದೊಂದಾಗಿ ಸರಿಯುವುದನ್ನು ನೋಡುತ್ತ ಕೂತವರಿಗೆ ನೆನಪಿರಬಹುದು. ನಡುವೆ ಯಾವುದಾದರೂ ಪ್ರೋಗ್ರಾಮ್ ಡಿಸ್ಕಿಗೆ ಏನನ್ನಾದರೂ ಬರೆದರೆ, ಡಿಸ್ಕಿನಲ್ಲಿರುವುದು ಬದಲಾಗಿದೆ ಎಂದು ಹೇಳಿ ಡಿಫ್ರಾಗ್ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಬೆಳೆಯಲಿ ಎಂದು ಜಾಗ ಬಿಟ್ಟಿಡಬಾರದೇ?

ಸಹಜವಾದ ಪ್ರಶ್ನೆ. ತೊಡಕೇನೆಂದರೆ, ಯಾವ ಫೈಲ್ ಎಷ್ಟು ಬೆಳೆಯುತ್ತದೆ ಎಂಬುದು ಫೈಲ್ ವ್ಯವಸ್ಥೆಗೆ ಗೊತ್ತಿರುವುದಿಲ್ಲ. ಪ್ರೋಗ್ರಾಮ್ ಬಂದು ಹೊಸ ಫೈಲ್ ತೆರೆ ಎನ್ನುತ್ತದೆ, ಇಷ್ಟು ಬರೆ ಎನ್ನುತ್ತದೆ, ಆಮೇಲೆ ಇನ್ನಷ್ಟು ಬರೆ ಎನ್ನುತ್ತದೆ. ಫೋಟೊ ಬೆಳೆಯುವುದಿಲ್ಲ, ಬಿಲ್ಲಿನ ಡೇಟಾ ಬೆಳೆಯುತ್ತದೆ ಎಂದು ಮುಂಚೆಯೇ ಹೇಳುವವರಿಲ್ಲ. ಎಲ್ಲ ಫೈಲುಗಳ ಪಕ್ಕದಲ್ಲೂ ಜಾಗ ಬಿಟ್ಟರೆ ಫೈಲುಗಳ ನಡುವಿನ ದೂರ ಹೆಚ್ಚುತ್ತದೆ, ದೊಡ್ಡ ಫೈಲ್ ಬಂದಾಗ ಒಟ್ಟಾದ ಜಾಗ ಸಿಗುವುದಿಲ್ಲ, ಡಿಸ್ಕ್ ತುಂಬುತ್ತ ಬಂದಂತೆ ಬಿಟ್ಟ ಜಾಗವೂ ಖರ್ಚಾಗುತ್ತದೆ.

ಆದರೂ ಈ ದಿಕ್ಕಿನಲ್ಲಿ ಒಳ್ಳೆಯ ಪ್ರಯತ್ನಗಳಾಗಿವೆ. ವಿಂಡೋಸ್‌ಗೆ ಬದಲಾಗಿ ಬಳಸಬಹುದಾದ ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆ ಬರೆಯಬೇಕಾದುದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಹಿಡಿದಿಟ್ಟು, ಒಟ್ಟು ಗಾತ್ರ ನೋಡಿಕೊಂಡು ಆಮೇಲೆ ಜಾಗ ಆರಿಸುತ್ತದೆ. ಹಾಗಾಗಿ ಅಲ್ಲಿ ತುಂಡಾಗುವುದು ಕಡಿಮೆ, ಪೂರ್ತಿ ಇಲ್ಲವೇ ಇಲ್ಲ ಎಂದೇನಲ್ಲ. ಗಾತ್ರ ಮೊದಲೇ ಗೊತ್ತಿದ್ದಾಗ ಕೆಲಸ ಇನ್ನೂ ಸುಲಭ. ದೊಡ್ಡ ಫೈಲ್ ಡೌನ್‌ಲೋಡ್ ಮಾಡುವ ಕೆಲವು ಪ್ರೋಗ್ರಾಮುಗಳು ಶುರುವಿನಲ್ಲೇ ಪೂರ್ತಿ ಜಾಗ ಕಾದಿರಿಸುತ್ತವೆ. ಹಲವು ಸಿಸಿಟಿವಿ ರೆಕಾರ್ಡರುಗಳು ಡಿಸ್ಕನ್ನು ಮೊದಲೇ ಸಮ ಗಾತ್ರದ ಭಾಗಗಳಾಗಿ ಮಾಡಿಟ್ಟುಕೊಂಡು, ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತವೆ.

ಪೂರ್ತಿ ಸೊನ್ನೆ ಏಕೆ ಬರುವುದಿಲ್ಲ?

ಕೆಲವರಿಗೆ ಡಿಫ್ರಾಗ್ ಮುಗಿದ ಕೂಡಲೇ ಶೇ 2 ಅಥವಾ 3 ಉಳಿದಿರುವುದು ಕಾಣುತ್ತದೆ. ವಿಂಡೋಸ್ ಓಡುತ್ತಿರುವಾಗ ಪೇಜ್ ಫೈಲ್, ಕಂಪ್ಯೂಟರನ್ನು ಮಲಗಿಸುವಾಗ ಮೆಮೊರಿಯಲ್ಲಿದ್ದುದನ್ನು ಬರೆದಿಡುವ ಹೈಬರ್ನೇಟ್ ಫೈಲ್‌ನಂಥವನ್ನು ಕದಲಿಸಲಾಗದು. ಬೇರೆ ಬೇರೆ ಡಿಫ್ರಾಗ್ ಪ್ರೋಗ್ರಾಮುಗಳು ಎಣಿಸುವ ಕ್ರಮವೂ ಬೇರೆ, ಆದ್ದರಿಂದ ಒಂದೇ ಡಿಸ್ಕಿಗೆ ಎರಡು ಸಂಖ್ಯೆ ಬಂದರೆ ಗಾಬರಿ ಬೇಡ.

ಎಷ್ಟು ತುಂಡಾದರೆ ತೊಂದರೆ?

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿದರೆ ಅರ್ಧ ಚಿಂತೆ ಕಳೆಯುತ್ತದೆ. ಹಳೆಯ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದುತ್ತದೆ ಎಂದಿಟ್ಟುಕೊಳ್ಳಿ. 100 ಎಂಬಿಯ ಇಡಿಯಾದ ಫೈಲಿಗೆ ಒಂದು ಸೆಕೆಂಡ್ ಸಾಕು. ಅದೇ ಫೈಲ್ 20 ತುಂಡಾಗಿದ್ದರೆ 20 ಜಿಗಿತ, ಒಂದಕ್ಕೆ 13 ಮಿಲಿಸೆಕೆಂಡಿನಂತೆ 260 ಮಿಲಿಸೆಕೆಂಡ್. ಕಾಲು ಸೆಕೆಂಡಿನ ವ್ಯತ್ಯಾಸ, ಯಾರಿಗೂ ತಿಳಿಯುವುದಿಲ್ಲ. 1,000 ತುಂಡಾಗಿದ್ದರೆ ಜಿಗಿತಕ್ಕೇ 13 ಸೆಕೆಂಡ್ ಬೇಕು. ಒಂದು ಸೆಕೆಂಡಿನ ಕೆಲಸ 14 ಸೆಕೆಂಡಾಯಿತು, ಆಗ ಬಿಲ್ ಮಾಡಿಸಲು ನಿಂತವರು ಮುಖ ನೋಡುತ್ತಾರೆ.

ತುಂಡುಗಳು ದೊಡ್ಡವಾಗಿದ್ದರೆ ಚಿಂತೆಯೇ ಇಲ್ಲ. 64 ಎಂಬಿಯ ಒಂದು ತುಂಡನ್ನು ಓದಲು 640 ಮಿಲಿಸೆಕೆಂಡ್ ಬೇಕು, ಮುಂದಿನ ತುಂಡಿಗೆ ಜಿಗಿಯಲು 13. ಶೇ 2ರಷ್ಟು ಹೆಚ್ಚಳ ಮಾತ್ರ. ವಿಂಡೋಸ್‌ನ ಡಿಫ್ರಾಗ್ 64 ಎಂಬಿಗಿಂತ ದೊಡ್ಡ ತುಂಡುಗಳನ್ನು ಜೋಡಿಸುವ ಗೋಜಿಗೆ ಹೋಗದಿರುವುದು ಇದೇ ಲೆಕ್ಕದ ಮೇಲೆ. ಹೀಗಾಗಿ ಪರದೆಯ ಮೇಲಿನ ಶೇಕಡಾ ಸಂಖ್ಯೆಯೊಂದೇ ಪೂರ್ತಿ ಕಥೆ ಹೇಳುವುದಿಲ್ಲ. ಶೇ 5 ಇದ್ದು ಆ ಐದರಲ್ಲಿ ನೀವು ದಿನವೂ ತೆರೆಯುವ ಡೇಟಾ ಫೈಲೇ ಸಾವಿರ ಚೂರಾಗಿರಬಹುದು. ಶೇ 15 ಇದ್ದರೂ ಅವೆಲ್ಲ ಎಂದೂ ತೆರೆಯದ ಫೈಲುಗಳಾಗಿರಬಹುದು. ಶೇ 10 ದಾಟಿದರೆ ಡಿಫ್ರಾಗ್ ಮಾಡಿ ಎಂಬುದು ವಿಂಡೋಸ್ 7ರ ಕಾಲದಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಸಲಹೆ. ಮನೆ, ಅಂಗಡಿಗಳಿಗೆ ಈಗಲೂ ಆ ಅಳತೆ ಸಾಕು.

ಡಿಫ್ರಾಗ್‌ಗಿಂತ ಮೊದಲು ಖಾಲಿ ಜಾಗ

ಡಿಸ್ಕ್ ತುಂಬಿದಷ್ಟೂ ಉಳಿದ ತೆರಪುಗಳು ಚಿಕ್ಕವಾಗುತ್ತವೆ, ಬರುವ ಪ್ರತಿಯೊಂದು ಫೈಲೂ ಒಡೆದೇ ಕೂರಬೇಕಾಗುತ್ತದೆ. ಶೇ 95 ತುಂಬಿದ ಡಿಸ್ಕಿನಲ್ಲಿ ಪ್ರತಿ ವಾರ ಡಿಫ್ರಾಗ್ ಮಾಡಿದರೂ ಲಾಭ ಕಡಿಮೆ, ಫೈಲುಗಳನ್ನು ಆಚೀಚೆ ಸರಿಸಲು ಅದಕ್ಕೇ ಜಾಗ ಸಾಲದು. ವಿಂಡೋಸ್ ಎಕ್ಸ್‌ಪಿಯ ಡಿಫ್ರಾಗ್ ಸರಿಯಾಗಿ ಕೆಲಸ ಮಾಡಲು ಶೇ 15 ಖಾಲಿ ಜಾಗ ಕೇಳುತ್ತಿತ್ತು. ಇಂದಿಗೂ ಶೇ 15ರಿಂದ 20ರಷ್ಟು ಖಾಲಿ ಬಿಡುವುದು ಒಳ್ಳೆಯದು. ಹಳೆಯ ವಿಡಿಯೊಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸುವುದೂ ಡೌನ್‌ಲೋಡ್ ಫೋಲ್ಡರಿನ ಕಸ ತೆಗೆಯುವುದೂ ಡಿಫ್ರಾಗ್‌ಗಿಂತ ಮೊದಲು ಆಗಬೇಕಾದ ಕೆಲಸ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿಂಡೋಸ್ 10 ತಾನಾಗಿಯೇ ವಾರಕ್ಕೊಮ್ಮೆ ಈ ಕೆಲಸ ಮಾಡುವಂತೆ ಹೊಂದಿಸಿರುತ್ತದೆ, ಯಂತ್ರ ಬಿಡುವಾಗಿರುವ ಹೊತ್ತು ನೋಡಿ ನಡೆಸುತ್ತದೆ. ಸಂಜೆ ಬಾಗಿಲು ಹಾಕುವಾಗ ಮೈನ್ ಸ್ವಿಚ್ ಆರಿಸಿ, ಬೆಳಿಗ್ಗೆಯಿಂದ ಬಿಡುವಿಲ್ಲದೆ ದುಡಿಸುವ ಅಂಗಡಿಗಳಲ್ಲಿ ಅದಕ್ಕೆ ಆ ಹೊತ್ತು ಸಿಗುವುದಿಲ್ಲ. ಅಂಥವರು ತಿಂಗಳಿಗೊಮ್ಮೆ ರಜೆಯ ದಿನ ಕೈಯಾರೆ ನಡೆಸಬಹುದು. ಸ್ಟಾರ್ಟ್ ಒತ್ತಿ ‘ಡಿಫ್ರಾಗ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ಕಿಟಕಿ ಸಿಗುತ್ತದೆ. ಮೊದಲು ಅನಲೈಸ್ ಒತ್ತಿ ಎಷ್ಟು ತುಂಡಾಗಿದೆ ನೋಡಿ, ಅಗತ್ಯವಿದ್ದರೆ ಜೋಡಿಸಲು ಆಪ್ಟಿಮೈಜ್ ಒತ್ತಿ.

ನಡುವೆ ಕರೆಂಟು ಹೋದರೆ ಫೈಲುಗಳು ಹಾಳಾಗುತ್ತವೆಯೇ ಎಂಬ ಭಯ ನಮ್ಮ ಕಡೆ ಸಹಜ. ವಿಂಡೋಸ್‌ನ ಡಿಫ್ರಾಗ್ ಮೊದಲು ಹೊಸ ಜಾಗಕ್ಕೆ ನಕಲು ಮಾಡುತ್ತದೆ, ಆಮೇಲೆ ಲೆಕ್ಕದಲ್ಲಿ ವಿಳಾಸ ಬದಲಿಸುತ್ತದೆ, ಕೊನೆಗೆ ಹಳೆಯ ಜಾಗವನ್ನು ಬಿಡುತ್ತದೆ. ಹಾಗಾಗಿ ಅರ್ಧಕ್ಕೆ ನಿಂತರೂ ಸಾಮಾನ್ಯವಾಗಿ ಫೈಲ್ ಉಳಿಯುತ್ತದೆ. ಆದರೂ ಯುಪಿಎಸ್ ಇಲ್ಲದ ಕಡೆ, ಮುಖ್ಯ ಲೆಕ್ಕದ ಪ್ರತಿಯೊಂದನ್ನು ಹೊರಗೆ ತೆಗೆದಿಡದೆ ಡಿಫ್ರಾಗ್‌ಗೆ ಕೈ ಹಾಕಬೇಡಿ.

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಫೈಲ್ ತೆರೆಯುವಾಗ ಪದೇಪದೇ ದೋಷ ತೋರಿಸುತ್ತಿದ್ದರೆ ಡಿಫ್ರಾಗ್ ಮಾಡಲೇಬೇಡಿ. ಅದು ತೋಳಿಗೆ ಗಂಟೆಗಟ್ಟಲೆ ಬಿಡುವಿಲ್ಲದ ಕೆಲಸ, ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು. ಮೊದಲು ಮಾಹಿತಿಯನ್ನು ನಕಲು ಮಾಡಿಕೊಳ್ಳಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ಪ್ರೋಗ್ರಾಮಿನಲ್ಲಿ ಡಿಸ್ಕಿನ ಆರೋಗ್ಯ ನೋಡಿ.

ಎಸ್‌ಎಸ್‌ಡಿಗೆ ಇದು ಬೇಡ

ಎಸ್‌ಎಸ್‌ಡಿ ಎಂದರೆ ಹಾರ್ಡ್ ಡಿಸ್ಕಿನ ಬದಲು ಬಳಸುವ, ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುವ ಡ್ರೈವ್. ಅದರಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಯಾವ ಭಾಗವನ್ನು ಓದಲೂ ಹೆಚ್ಚುಕಡಿಮೆ ಒಂದೇ ಸಮಯ, ಅದೂ ಮಿಲಿಸೆಕೆಂಡಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಮೇಲಾಗಿ ಎಲ್ಲ ಕಡೆ ಸಮನಾಗಿ ಸವೆಯಲಿ ಎಂದು ಅದರೊಳಗಿನ ನಿಯಂತ್ರಕ ಚಿಪ್ ಮಾಹಿತಿಯನ್ನು ತಾನೇ ಬೇರೆ ಬೇರೆ ಕಡೆ ಹಂಚುತ್ತಿರುತ್ತದೆ. ವಿಂಡೋಸ್‌ಗೆ ಸಾಲಾಗಿ ಕಾಣುವುದು ಒಳಗೆ ಸಾಲಾಗಿಯೇ ಇರಬೇಕೆಂದಿಲ್ಲ. ಎಸ್‌ಎಸ್‌ಡಿಯ ಮೇಲೆ ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿ ಇದೆ. ಹೊರಗಿನ ಪ್ರೋಗ್ರಾಮುಗಳಿಂದ ಬಲವಂತವಾಗಿ ಡಿಫ್ರಾಗ್ ಮಾಡಿದರೆ ಆ ಮಿತಿಯಲ್ಲಿ ಒಂದಿಷ್ಟು ವ್ಯರ್ಥವಾಗುತ್ತದೆ. ವಿಂಡೋಸ್‌ನ ಆಪ್ಟಿಮೈಜ್ ಗುಂಡಿಗೆ ಇದು ಗೊತ್ತಿದೆ. ಎಸ್‌ಎಸ್‌ಡಿ ಕಂಡಾಗ ಅದು ಮುಖ್ಯವಾಗಿ ಟ್ರಿಮ್ ಎಂಬ ಬೇರೆ ಕೆಲಸ ಮಾಡುತ್ತದೆ. ಖಾಲಿಯಾದ ಜಾಗಗಳು ಯಾವುವು ಎಂದು ಡ್ರೈವ್‌ಗೆ ತಿಳಿಸುವ ಕೆಲಸ ಅದು. ಮೊಬೈಲುಗಳಲ್ಲಿ ಇರುವುದೂ ಇದೇ ಜಾತಿಯ ಸಂಗ್ರಹ, ಅವಕ್ಕೂ ಡಿಫ್ರಾಗ್ ಬೇಕಿಲ್ಲ.

ಹಳೆಯ ಯಂತ್ರದ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ವೇಗವನ್ನು ಯಾವ ಡಿಫ್ರಾಗ್ ಕೂಡ ಕೊಡಲಾರದು. ಈಗೀಗ ಎಷ್ಟೋ ಅಂಗಡಿಗಳಲ್ಲಿ ಸಿ ಡ್ರೈವ್‌ಗೆ ಎಸ್‌ಎಸ್‌ಡಿ ಹಾಕಿಸಿ, ಹಳೆಯ ಹಾರ್ಡ್ ಡಿಸ್ಕನ್ನು ಡಿ ಡ್ರೈವ್ ಆಗಿ ಉಳಿಸಿಕೊಳ್ಳುತ್ತಾರೆ. ನಿಮ್ಮದೂ ಹಾಗೆಯೇ ಇದ್ದರೆ, ಡಿಫ್ರಾಗ್ ಕಿಟಕಿಯಲ್ಲಿ ಪ್ರತಿ ಡ್ರೈವ್‌ನ ಮುಂದೆ ಅದು ಯಾವ ಬಗೆಯದೆಂದು ಬರೆದಿರುತ್ತದೆ. ಶೇಕಡಾ ಸಂಖ್ಯೆ ನೋಡಬೇಕಾದದ್ದು ಡಿ ಡ್ರೈವ್‌ನ ಮುಂದೆ ಮಾತ್ರ. ಬಿಲ್ಲಿಂಗ್ ಪ್ರೋಗ್ರಾಮಿನ ಡೇಟಾ ಇನ್ನೂ ಡಿಯಲ್ಲೇ ಕೂತಿದ್ದರೆ, ಪ್ರೋಗ್ರಾಮ್ ಹಾಕಿಕೊಟ್ಟವರನ್ನು ಕೇಳಿ ಅದನ್ನು ಸಿಗೆ ಬದಲಾಯಿಸಿಕೊಳ್ಳಿ, ಡಿಯಲ್ಲಿ ದಿನದಿನದ ಬ್ಯಾಕಪ್ ಇಟ್ಟುಕೊಳ್ಳಿ.